ಮುರಿದವಳೇ ಕಟ್ಟಬೇಕು

ಪಟ್ಟಿಯಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗುಂಟ ಉದ್ದನೆಯ ಬೆಂಚೊಂದಿತ್ತು. ಕೈ ಮುರಿದವರು, ಕಾಲು ಉಳುಕಿದವರು, ಭುಜ ಜಾರಿದವರು ಅದರ ಮೇಲೆ ಸಾಲಾಗಿ ಕೂತು ಸರದಿಗೆ ಕಾಯುತ್ತಿದ್ದರು. ಮೂಲೆಯ ಕಡೆಯ ತುದಿಯಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ. ಆ ತುದಿಯ ಕಾಲು ಅಲ್ಲಾಡುತ್ತದೆ ಎಂದು ಊರವರು ಹೇಳುತ್ತಿದ್ದರು. ಬಡಗಿ ಎರಡು ಸಲ ಬಂದು ನೋಡಿ, "ಕಾಲು ಗಟ್ಟಿಯಾಗೇ ಇದೆಯಲ್ಲಕ್ಕಾ" ಎಂದು ತಲೆ ಕೆರೆದುಕೊಂಡು ಹೋಗಿದ್ದ. ಪಟ್ಟಿಯಕ್ಕ ಅವನಿಗೆ ಏನು ತಾನೇ ಹೇಳಿಯಾಳು? ಅಲ್ಲಿ ಅವಳ ತಮ್ಮ ಕೂತಿರುತ್ತಿದ್ದ.

ಸತ್ತು ಮೂವತ್ತಾರು ವರ್ಷವಾದ ತಮ್ಮ. ಆಗ ಹೇಗಿದ್ದನೋ ಈಗಲೂ ಹಾಗೆಯೇ, ಹತ್ತೊಂಬತ್ತರ ಹುಡುಗ, ಮೀಸೆ ಇನ್ನೂ ಸರಿಯಾಗಿ ಚಿಗುರಿರಲಿಲ್ಲ. ತಲೆ ಮಾತ್ರ ಎಡಗಡೆಗೆ ವಾಲಿ ಕಿವಿ ಭುಜಕ್ಕೆ ತಾಗಿಕೊಂಡಿರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬಂದು ಕೂತಿರುತ್ತಿದ್ದ, ಕೊನೆಯ ರೋಗಿ ಎದ್ದು ಹೋಗುವ ತನಕ ಇರುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಅಕ್ಕನ ಕೈಗಳನ್ನೇ ನೋಡುತ್ತಿದ್ದ. ತನ್ನ ಸರದಿಗಾಗಿ ಕಾಯುತ್ತಿದ್ದಾನೆ ಎಂದು ಅವಳು ತಿಳಿದಿದ್ದಳು. ಪ್ರತಿ ಸಂಜೆ ಬಾಗಿಲು ಹಾಕುವಾಗ, "ಇವತ್ತೂ ಆಗ್ಲಿಲ್ಲ ಕಣೋ" ಎಂದು ಮೆಲ್ಲಗೆ ಹೇಳುತ್ತಿದ್ದಳು.

ಅವರ ಅಪ್ಪ ಗರಡಿಯ ಗುರು. ಬರಿಗೈಯಲ್ಲಿ ಹೊಡೆದಾಡುವ ವಿದ್ಯೆಯಲ್ಲಿ ಸುತ್ತ ಹತ್ತೂರಿಗೆ ಹೆಸರಾದವನು. ಆದರೆ ಅವನ ಗರಡಿಯ ಕ್ರಮವೇ ಬೇರೆ. ಸೇರಿದವರಿಗೆ ಮೊದಲ ಐದು ವರ್ಷ ಒಂದೇ ಒಂದು ಹೊಡೆತ ಹೇಳಿಕೊಡುತ್ತಿರಲಿಲ್ಲ. ಎಣ್ಣೆ ಕಾಯಿಸು, ಬಿದಿರು ಸೀಳಿ ದಬ್ಬೆ ಮಾಡು, ಕಣ್ಣು ಮುಚ್ಚಿಕೊಂಡು ಮೂಳೆಯ ಮೇಲೆ ಬೆರಳಾಡಿಸಿ ಬಿರುಕು ಹುಡುಕು. ಶೂರರಾಗಲು ಬಂದವರು ದಬ್ಬೆ ಸೀಳಿ ಸೀಳಿ ಬೇಸತ್ತು ಓಡಿಹೋಗುತ್ತಿದ್ದರು. ಉಳಿದವರಿಗೆ ಮಾತ್ರ ಮುರಿಯುವುದನ್ನು ಕಲಿಸುತ್ತಿದ್ದ. ಅದಕ್ಕೂ ಒಂದು ಕಟ್ಟಳೆ ಇತ್ತು, ಮುರಿದವರೇ ಕಟ್ಟಬೇಕು. ಎದುರಿನವನು ಎಂಥ ಹಗೆಯೇ ಆಗಿರಲಿ, ಮುರಿದ ಮೂಳೆಯನ್ನು ಕೂಡಿಸದೆ ಮನೆಗೆ ಹೋಗುವಂತಿಲ್ಲ.

ಕೊನೆಗೆ ಆ ಗರಡಿಯಲ್ಲಿ ಉಳಿದವರು ಇಬ್ಬರೇ, ಅವನ ಸ್ವಂತ ಮಕ್ಕಳು. ಒಂದು ದಿನ ಅಭ್ಯಾಸದ ನಡುವೆ ತಮ್ಮ, "ಏನಕ್ಕಾ, ಹೂವು ಹಿಡಿದ ಹಾಗೆ ಹಿಡಿತೀಯ, ಹೀಗಾದ್ರೆ ನಾನು ಕಲಿಯೋದು ಹೇಗೆ?" ಎಂದು ಕೆಣಕಿದ. ಅವಳು ಗಟ್ಟಿಯಾಗಿ ಹಿಡಿದಳು. ಅವನು ತಿರುಗಬೇಕಾದ ಕಡೆಗೆ ತಿರುಗಲಿಲ್ಲ. ಒಣಕಡ್ಡಿ ಮುರಿದಷ್ಟೇ ಸದ್ದಾಯಿತು. ಕುತ್ತಿಗೆಗೆ ದಬ್ಬೆ ಕಟ್ಟುವ ವಿದ್ಯೆ ಯಾವ ಗರಡಿಯಲ್ಲೂ ಇಲ್ಲ. ಅಪ್ಪ ಅಂದೇ ಗರಡಿಗೆ ಬೀಗ ಜಡಿದ. ಮಗಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಾಗಿರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ತನ್ನ ಗುರುತೇ ಇಲ್ಲದ ಈ ನದಿಯಂಚಿನ ಊರಿಗೆ ಬಂದು, ಕಟ್ಟುವ ವಿದ್ಯೆಯೊಂದನ್ನೇ ಹೊರಗಿಟ್ಟು, ಮುರಿಯುವುದನ್ನು ಮರೆತವಳಂತೆ ಬದುಕಿದಳು. ಮದುವೆಯ ಮಾತೆತ್ತಿದವರಿಗೆ, "ನನ್ನ ಕೈ ಹಿಡಿಯೋದು ಅಷ್ಟು ಸುಲಭ ಅಲ್ಲಪ್ಪ" ಎಂದು ನಗುತ್ತಿದ್ದಳು. ಊರವರೂ ನಗುತ್ತಿದ್ದರು. ಅವರಿಗೇನು ಗೊತ್ತು.

ಹೀಗಿರುವಾಗ ಊರಿಗೆ ಮರಳಿನವರು ಬಂದರು. ನದಿಯಲ್ಲಿ ಲಾರಿ ಇಳಿಸಿ ದಡವನ್ನೇ ಬಗೆದುಹಾಕಿದರು. ಬಾವಿಗಳು ಬತ್ತಿದವು, ದಡದ ಎರಡು ಮನೆಗಳು ಒಂದೇ ವಾರದಲ್ಲಿ ಹೊಳೆಗೆ ಜಾರಿದವು. ಕೇಳಲು ಹೋದವರಿಗೆ ಒದೆ ಬಿತ್ತು. ಠಾಣೆಯಲ್ಲಿ ದೂರು ಬರೆದುಕೊಂಡರು, ಬರೆದ ಹಾಳೆ ಎಲ್ಲಿ ಹೋಯಿತೆಂದು ಆಮೇಲೆ ಬರೆದವರಿಗೇ ತಿಳಿಯಲಿಲ್ಲ. ಮರಳಿನವರ ಮುಖಂಡ ಎಂದೂ ದನಿ ಏರಿಸಿದವನಲ್ಲ. ಎಲ್ಲರನ್ನೂ ಅಪ್ಪಾ, ತಾಯೀ ಎಂದೇ ಮಾತಾಡಿಸುತ್ತಿದ್ದ. ಊರು ಅವನಿಗೆ ಬೆಣ್ಣೆ ಎಂದು ಹೆಸರಿಟ್ಟಿತ್ತು. ಇಂಥ ಹೆಸರಿಡುವುದರಲ್ಲಿ ನಮ್ಮ ಜನ ನಿಸ್ಸೀಮರು, ಅದನ್ನು ಅವನ ಎದುರಿಗೆ ಹೇಳುವ ಗಂಡೆದೆ ಮಾತ್ರ ಯಾರಿಗೂ ಇರಲಿಲ್ಲ.

ಒಂದು ದಿನ ದೋಣಿಯವನು ಲಾರಿಗೆ ಅಡ್ಡ ನಿಂತ. ಅವನನ್ನು ನಾಲ್ಕು ಜನ ಹೊತ್ತುಕೊಂಡು ಪಟ್ಟಿಯಕ್ಕನ ಬೆಂಚಿನ ಮೇಲೆ ಮಲಗಿಸಿದಾಗ ಎರಡೂ ಮಂಡಿಚಿಪ್ಪು ಪುಡಿಯಾಗಿದ್ದವು. ಪುಡಿಯನ್ನು ಕಟ್ಟುವುದು ಹೇಗೆ? ಅವಳು ಇಡೀ ಮಧ್ಯಾಹ್ನ ಅವನ ಕಾಲು ಹಿಡಿದು ಕೂತಳು. ಮುರಿಯುವುದಕ್ಕೂ ಒಂದು ಮರ್ಯಾದೆ ಇದೆ ಎಂದು ಅಪ್ಪ ಹೇಳುತ್ತಿದ್ದ. ಕೂಡಿಸಲು ಆಗದಂತೆ ಮುರಿದವರ ಮೇಲೆ ಅವಳಿಗೆ ಮೈ ಉರಿಯುವಷ್ಟು ಸಿಟ್ಟು ಬಂತು. ಹಾಗೆ ಮುರಿದವರ ಸಾಲಿನಲ್ಲಿ ಮೊದಲನೆಯವಳು ತಾನೇ ಎಂಬುದು ನೆನಪಾಗಿ ಆ ಸಿಟ್ಟು ಎರಡು ಪಟ್ಟಾಯಿತು.

ಮರುವಾರ ಬೆಳಗಿನ ಮಂಜಿನಲ್ಲಿ, ಮೊದಲ ಲಾರಿ ಬರುವ ಹೊತ್ತಿಗೆ, ಹೊಳೆಯ ಜೊಂಡಿನ ಹಾದಿಯಲ್ಲಿ ಮರಳಿನವರಲ್ಲೊಬ್ಬನ ಬಲ ಮುಂಗೈ ಮುರಿಯಿತು. ಹತ್ತು ದಿನ ಬಿಟ್ಟು ಇನ್ನೊಬ್ಬನದು. ಎರಡು ತಿಂಗಳಲ್ಲಿ ನಾಲ್ಕು. ಅಪ್ಪನ ಹಳೆಯ ಉದ್ದ ಕೋಟು ತೊಟ್ಟು, ತಲೆಗೆ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದಳು. ಐವತ್ತೆಂಟರ ವಯಸ್ಸಿನಲ್ಲಿ ಮಂಡಿ ಕಟಕಟ ಎನ್ನುತ್ತಿತ್ತು, ಆದರೆ ಕೈ ಒಂದನ್ನೂ ಮರೆತಿರಲಿಲ್ಲ. ಅದೇ ಅವಳಿಗೆ ಹೆದರಿಕೆ. ಪ್ರತಿ ಸಲವೂ ಬಾಳೆಹಣ್ಣು ಸುಲಿದಷ್ಟು ಸಲೀಸಾಗಿ ಕೆಲಸ ಮುಗಿಯುತ್ತಿತ್ತು, ಮುಗಿದಾಗ ಕೈಗೆ ಒಂದು ಬಗೆಯ ಹಿತವಾಗುತ್ತಿತ್ತು. ಮನೆಗೆ ಬಂದು ಆ ಕೈಗಳನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ತಮ್ಮ ಬೆಂಚಿನ ತುದಿಯಿಂದ ನೋಡುತ್ತಿದ್ದ.

ಮುರಿಸಿಕೊಂಡವರು ಎಲ್ಲಿಗೆ ಹೋಗಬೇಕು? ಸುತ್ತಮುತ್ತ ಮೂಳೆ ಕಟ್ಟುವವಳು ಅವಳೊಬ್ಬಳೇ. ಬೆಳಿಗ್ಗೆ ಮುರಿದ ಕೈ ಮಧ್ಯಾಹ್ನದೊಳಗೆ ಅವಳ ಮಡಿಲಿಗೇ ಬರುತ್ತಿತ್ತು. ಅವಳು ಎಣ್ಣೆ ಸವರಿ, ಎಳೆದು ಕೂಡಿಸಿ, ದಬ್ಬೆ ಕಟ್ಟಿ, "ನಲವತ್ತು ದಿನ ಭಾರ ಎತ್ತಬೇಡ" ಎಂದು ಕಳಿಸುತ್ತಿದ್ದಳು. ಕಟ್ಟಳೆ ಕಟ್ಟಳೆಯೇ. ಭಾರ ಎತ್ತದವನು ಮರಳನ್ನೂ ಎತ್ತಲಾರ ಎಂಬುದು ಅದರ ಮೇಲಿನ ಲಾಭ.

ಊರಿಗೆ ಇದೆಲ್ಲ ದೊಡ್ಡ ಹಬ್ಬವಾಯಿತು. ಹೊಡೆದವನು ಆರಡಿ ಆಳು ಎಂದರು. ಆಮೇಲೆ ಏಳಡಿಗೆ ಏರಿಸಿದರು. ಹೊಳೆಗೆ ಜಾರಿದ ಮನೆಯ, ಎಂದೋ ಸತ್ತ ಯಜಮಾನನ ದೆವ್ವವೇ ಎಂದು ಕೆಲವರು ಪಿಸುಗುಟ್ಟಿದರು. ಕೊನೆಗೆ ಎಲ್ಲರ ಕಣ್ಣೂ ಪಟ್ಟಿಯಕ್ಕನ ಪಕ್ಕದ ಮನೆಯ ಕಮ್ಮಾರನ ತೋಳಿನ ಮೇಲೆ ಬಿತ್ತು. ತೋಳು ನೋಡಿದರೆ ಹೌದೆನ್ನಬೇಕು, ಆಸಾಮಿ ಮಾತ್ರ ಹಲ್ಲಿ ಲೊಚಗುಟ್ಟಿದರೂ ಬೆಚ್ಚುವವನು. "ನೀನೇ ಅಲ್ವೇನಯ್ಯಾ?" ಎಂದು ಯಾರಾದರೂ ಕೇಳಿದರೆ ಅವನು ಇಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. "ಅದೆಲ್ಲ ಈಗ ಯಾಕೆ ಬಿಡಿ" ಎಂದು ಮೀಸೆಯ ಮೇಲೆ ಬೆರಳಾಡಿಸುತ್ತಿದ್ದ. ಹುಟ್ಟಿದಾಗಿನಿಂದ ಯಾರೂ ಅವನನ್ನು ಧೀರ ಎಂದಿರಲಿಲ್ಲ, ಪಾಪ, ಒಂದಿಷ್ಟು ಉಬ್ಬಿದ. ಪಟ್ಟಿಯಕ್ಕ ಅದನ್ನು ಕೇಳಿ ನಕ್ಕು ಸುಮ್ಮನಾದಳು. ಸುಮ್ಮನಾಗಬಾರದಿತ್ತು.

ಐದನೆಯವನು ಗುಂಗುರು ಕೂದಲಿನ ಎಳೆಯ ಹುಡುಗ, ಎಲ್ಲರೂ ಅವನನ್ನು ಗುಂಗುರು ಎಂದೇ ಕರೆಯುತ್ತಿದ್ದರು. ಮೂಗಿನವರೆಗೆ ಕಂಬಳಿ ಹೊದ್ದು, ನಡುಗುತ್ತ ಬಂದು ಬೆಂಚಿನ ಮೇಲೆ ಕೂತ. ಅಂದು ಬೆಳಿಗ್ಗೆಯಿಂದ ಆರು ರೋಗಿಗಳಾಗಿದ್ದರು, ಅವಳಿಗೆ ದಣಿವಾಗಿತ್ತು. ಅವನು ಬಾಯಿ ತೆರೆಯುವ ಮುಂಚೆ, "ಎಡಗೈ ಇತ್ತ ಕೊಡು" ಎಂದಳು. ಅಷ್ಟೇ ಅಲ್ಲ, ಕಂಬಳಿಯ ಮೇಲಿನಿಂದಲೇ ಅವಳ ಹೆಬ್ಬೆರಳು ನೇರವಾಗಿ ಹೋಗಿ ಮುರಿದ ಜಾಗದ ಮೇಲೆ ಕೂತಿತು. ಬರಿಯ ಕಟ್ಟುವವಳಾಗಿದ್ದರೆ ಹುಡುಕಬೇಕಾಗುತ್ತಿತ್ತು. ಹುಡುಕುವ ನಾಟಕವನ್ನು ನಾಲ್ಕು ಸಲ ಸರಿಯಾಗಿ ಆಡಿದವಳು ಐದನೆಯ ಸಲ ಮರೆತಳು.

ಆ ಹುಡುಗ ತಲೆ ಎತ್ತಿದ. "ಎಡಗೈ ಅಂತ ನಿಮಗೆ ಹೇಗೆ ಗೊತ್ತಾಯ್ತು ಅಜ್ಜಿ?"

"ಇಷ್ಟು ವರ್ಷದಿಂದ ಇದೇ ಮಾಡ್ತಿದೀನಿ. ಕೂತ ರೀತಿ ನೋಡಿದ್ರೆ ಗೊತ್ತಾಗಲ್ವಾ?" ಎಂದಳು ಅವಳು. ದನಿ ಗಟ್ಟಿಯಾಗಿಯೇ ಇತ್ತು. ಈಗ ತಡವಾಗಿ, ಹುಡುಕುವವಳಂತೆ ಬೆರಳಾಡಿಸಿದಳು.

ಎರಡು ದಿನ ಬಿಟ್ಟು, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಬೆಣ್ಣೆ ತಾನೇ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು, ಖಾಲಿ ಬೆಂಚನ್ನು ಅತ್ತಿಂದಿತ್ತ ನೋಡಿ, ನೆಟ್ಟಗೆ ಹೋಗಿ ಮೂಲೆಯ ತುದಿಯಲ್ಲೇ ಕೂತ. ಆ ಜಾಗದಲ್ಲಿ ಬೇರೊಬ್ಬರು ಕೂತದ್ದನ್ನು ಪಟ್ಟಿಯಕ್ಕ ನೋಡಿದ್ದು ಅದೇ ಮೊದಲು. ತಮ್ಮ ಎಲ್ಲಿಗೆ ಹೋದನೋ ಕಾಣಲಿಲ್ಲ.

"ಇಲ್ಲಿ ತಣ್ಣಗಿದೆ ತಾಯಿ," ಎಂದ ಬೆಣ್ಣೆ. "ನಮ್ಮ ಹುಡುಗ ಒಂದು ಮಾತು ಹೇಳಿದ. ಅವನು ಹೇಳೋ ಮುಂಚೆನೇ ಯಾವ ಕೈ, ಎಲ್ಲಿ ಮುರಿದಿದೆ ಅಂತ ನಿಮಗೆ ಗೊತ್ತಿತ್ತಂತೆ. ಯಾರೋ ನಿಮಗೆ ಮೊದಲೇ ಹೇಳಿರ್ಬೇಕು. ಯಾರು ಅಂತ ಹೇಳಿಬಿಡಿ, ನಿಮ್ಮ ತಂಟೆಗೆ ನಾನು ಬರಲ್ಲ."

"ಯಾರೂ ಹೇಳಿಲ್ಲಪ್ಪ."

ಗೋಡೆಯಾಚೆ ಕಮ್ಮಾರನ ಸುತ್ತಿಗೆ ಎಂದಿನಂತೆ ಒಂದೇ ಅಳತೆಯಲ್ಲಿ ಬೀಳುತ್ತಿತ್ತು. ಬೆಣ್ಣೆ ಅದನ್ನೇ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಗೋಡೆಯ ಕಡೆ ಬೆರಳು ತೋರಿಸಿ ನಕ್ಕ. "ಗೋಡೆ ಒಂದೇ, ಅಲ್ವಾ? ಮಾತು ಸಲೀಸಾಗಿ ದಾಟುತ್ತೆ. ಊರವರೂ ಅವನ ಹೆಸರೇ ಹೇಳ್ತಾರೆ."

ಆಗ ಅವಳು ಹೇಳಬಹುದಿತ್ತು. ಮೂರೇ ಮಾತು, ಮುರಿದೋಳು ನಾನು ಕಣಪ್ಪ ಎಂದು. ನಾಲಿಗೆ ಮೇಲೆ ಬಂದಿತ್ತು ಕೂಡ. ಆದರೆ ಮೂವತ್ತಾರು ವರ್ಷ ಮುಚ್ಚಿಟ್ಟ ಬಾಯಿ ಒಂದು ಗಳಿಗೆಯಲ್ಲಿ ತೆರೆಯುವುದಿಲ್ಲ. ಅದನ್ನು ಹೇಳಿದರೆ ಇದನ್ನೂ ಹೇಳಬೇಕು, ಎಲ್ಲಿ ಕಲಿತೆ, ಯಾಕೆ ಬಿಟ್ಟೆ, ಯಾರನ್ನು ಕೊಂದೆ. ಅವಳು ಎಣ್ಣೆಯ ಬಟ್ಟಲನ್ನು ಒರೆಸುತ್ತ ಕೂತಳು. ಬೆಣ್ಣೆ ಕೈ ಮುಗಿದು ಎದ್ದು ಹೋದ.

ಸುತ್ತಿಗೆಯ ಸದ್ದು ನಿಂತಿತು.

ಅವಳು ಬಟ್ಟಲು ಕೆಳಗಿಟ್ಟಳು. ಮತ್ತೆ ಶುರುವಾಗುತ್ತದೇನೋ ಎಂದು ಕಿವಿಗೊಟ್ಟಳು. ಒಂದೇ ಒಂದು ಏಟು ಕೇಳಿತು, ಕಬ್ಬಿಣದ ಮೇಲೆ ಬಿದ್ದದ್ದಲ್ಲ, ಅದರ ಹಿಂದೆಯೇ ಕಮ್ಮಾರನ ಕಿರುಚು. ಅವನ ಹೆಂಡತಿ ಬಾಗಿಲಿಗೆ ಡಿಕ್ಕಿ ಹೊಡೆದುಕೊಂಡು ಒಳಗೆ ಬಂದಳು. "ಅಕ್ಕಾ, ಹೆಬ್ಬೆರಳು ಜಜ್ಜಿದ್ರು. ಒಂದೊಂದೇ ಬೆರಳು ಅಂತಿದಾರೆ. ನಮ್ಮನೆಯವ್ರು ಯಾರಿಗೂ ಏನೂ ಮಾಡಿಲ್ಲ ಅಕ್ಕಾ, ಸುಮ್ನೆ ಜಂಬ ಕೊಚ್ಚಿಕೊಂಡ್ರು ಅಷ್ಟೇ!"

ಪಟ್ಟಿಯಕ್ಕ ಕೋಟು ಹುಡುಕಲಿಲ್ಲ, ತಲೆಗೆ ಬಟ್ಟೆ ಸುತ್ತಲಿಲ್ಲ. ಇದ್ದ ಹಾಗೆಯೇ ಹೋದಳು.

ಕುಲುಮೆಯ ಮುಂದೆ ಅರ್ಧ ಊರು ನೆರೆದಿತ್ತು, ಎಲ್ಲರ ಬಾಯಿಗೂ ಬೀಗ. ಒಳಗೆ ಇಬ್ಬರು ಕಮ್ಮಾರನನ್ನು ಅದುಮಿ ಅವನ ಬಲಗೈಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಒತ್ತಿಹಿಡಿದಿದ್ದರು. ಒಬ್ಬನ ಕೈಯಲ್ಲಿ ಸುತ್ತಿಗೆ. ಇನ್ನಿಬ್ಬರು ಬಾಗಿಲಲ್ಲಿ. ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಕೈ ತೂಗುಬಿಟ್ಟ ಗುಂಗುರು, ಗಾಳಿ ಊದುವ ತಿದಿಯ ಪಕ್ಕ ಮುಖ ತಿರುಗಿಸಿ ನಿಂತಿದ್ದ. ಬೆಣ್ಣೆ ಕಮ್ಮಾರನ ಮುಕ್ಕಾಲಿಯ ಮೇಲೆ ಕೂತಿದ್ದ.

"ಅವನ ಕೈ ಬಿಡಿ," ಎಂದಳು ಪಟ್ಟಿಯಕ್ಕ. "ಮುರಿದೋಳು ನಾನು."

ಮರಳಿನವರು ನಕ್ಕರು. ನಾಚಿಕೆಯ ಮಾತೆಂದರೆ, ಹೊರಗೆ ನಿಂತ ಊರವರಲ್ಲೂ ಇಬ್ಬರು ನಕ್ಕರು.

"ನೆರೆಯವನ ಮೇಲೆ ಎಷ್ಟು ಅಕ್ಕರೆ ತಾಯಿ ನಿಮಗೆ," ಎಂದ ಬೆಣ್ಣೆ.

"ಮೊದಲನೆಯವನದು ಬಲ ಮುಂಗೈ, ಜೊಂಡಿನ ಹತ್ತಿರ. ಬಿದ್ದಾಗ ಅವ್ವಾ ಅಂತ ಕೂಗಿದ. ಮೂರನೆಯವನು ಬೀಡಿ ಹಚ್ತಿದ್ದ, ಅವನ ಬೆಂಕಿಪೊಟ್ಟಣ ನೀರಿಗೆ ಬಿತ್ತು. ಈ ಗುಂಗುರು ಓಡೋಕೆ ನೋಡಿದ, ಅದಕ್ಕೆ ಎಡಗೈ ಸಿಕ್ತು. ಕೇಳು ಅವನನ್ನ."

ನಗು ಅಡಗಿತು. ಗುಂಗುರು ನೆಲ ನೋಡುತ್ತ ತಲೆಯಾಡಿಸಿದ.

ಆಮೇಲೆ ನಡೆದದ್ದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನ ಕೆಲಸ. ಬಾಗಿಲಲ್ಲಿದ್ದವನು ಅವಳ ಭುಜಕ್ಕೆ ಕೈ ಹಾಕಿದ, ಆ ಕೈ ಮೊಣಕೈಯಲ್ಲಿ ಹಿಂದಕ್ಕೆ ಮಡಿಚಿತು. ಪಕ್ಕದವನ ಕೊರಳ ಕೆಳಗಿನ ಎಲುಬು ಮುರಿಯಿತು. ಸುತ್ತಿಗೆಯವನು ಬೀಸಿದ, ಅವಳು ಬೀಸಿನ ಒಳಗೆ ಹೋಗಿ ಅವನ ಮುಂಗೈಯನ್ನು ತಿರುವಿದಳು. ಕಮ್ಮಾರನನ್ನು ಅದುಮಿದ್ದ ಇಬ್ಬರು ಅವನನ್ನು ಬಿಟ್ಟು ಇವಳ ಮೇಲೆ ಬಂದರು, ಒಬ್ಬೊಬ್ಬರಾಗಿ ಮುರಿದ ಕೈ ಹಿಡಿದುಕೊಂಡು ಕೂತುಬಿಟ್ಟರು. ಅವಳು ಏದುಸಿರು ಬಿಡುತ್ತಿದ್ದಳು, ಮಂಡಿ ಕಟಕಟ ಎನ್ನುತ್ತಿತ್ತು, ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಬಟ್ಟೆ ಮಡಿಚಿಡುವವಳ ಮುಖ ಹೇಗಿರುತ್ತದೋ ಹಾಗಿತ್ತು. ನೋಡಿದವರಿಗೆ ಜೀವ ಬಾಯಿಗೆ ಬಂದದ್ದು ಆ ಮುಖ ನೋಡಿ.

ಬೆಣ್ಣೆ ಬಿದ್ದ ಸುತ್ತಿಗೆಯನ್ನು ಎತ್ತಿಕೊಂಡು ಕಮ್ಮಾರನ ತಲೆಯ ಮೇಲೆ ಗುರಿಯಿಟ್ಟ. ಅವಳಿಗೆ ತಲುಪಲು ಇದ್ದದ್ದು ಒಂದೇ ದಾರಿ, ಹಿಂದಿನಿಂದ, ಕುತ್ತಿಗೆಗೆ. ತಲುಪಿದಳು. ಒಂದು ಕೈ ಗಲ್ಲದ ಕೆಳಗೆ, ಇನ್ನೊಂದು ತಲೆಯ ಹಿಂದೆ. ಅದೇ ಹಿಡಿತ. ಅಂಗೈಯಡಿ ಎಲುಬಿನ ಮಣಿಗಳು ಒಂದೊಂದಾಗಿ ಸಿಕ್ಕವು. ಸುತ್ತಿಗೆ ಕೆಳಗೆ ಬಿತ್ತು. ಇನ್ನು ತಿರುವುವ ಅಗತ್ಯವೇ ಇರಲಿಲ್ಲ, ಆದರೂ ಕೈ ತಿರುವಬೇಕೆಂದಿತು. ತಿರುವು, ಮುಗಿಸು, ಊರು ಉಳಿಯುತ್ತದೆ, ಎಂದಿತು.

ಅವಳು ತಲೆ ಎತ್ತಿದಾಗ ಕುಲುಮೆಯ ಬಾಗಿಲಲ್ಲಿ ತಮ್ಮ ನಿಂತಿದ್ದ. ಮನೆ ಬಿಟ್ಟು ಅವನು ಹೊರಗೆ ಬಂದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅವನು ಅವಳ ಕೈಗಳನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಆಗ ಅವಳಿಗೆ ಹೊಳೆಯಿತು. ಇವನು ಇಷ್ಟು ವರ್ಷ ಸರದಿಗೆ ಕಾದದ್ದಲ್ಲ. ಅಕ್ಕನ ಹತ್ತಿರ ಬರಲು ಹೆದರಿ ಮೂಲೆಗೆ ಆತುಕೊಂಡು ಕೂತದ್ದು. ಬಿಟ್ಟು ಹೋಗಲೂ ಆಗದೆ, ಹತ್ತಿರ ಬರಲೂ ಆಗದೆ, ಆ ಕೈಗಳ ಮೇಲೆ ಕಣ್ಣಿಟ್ಟುಕೊಂಡು ಕೂತದ್ದು.

ಅವಳ ಹಿಡಿತ ಸಡಿಲಾಯಿತು. ಬೆಣ್ಣೆ ಮಂಡಿಯೂರಿ ಕೆಮ್ಮುತ್ತ ಕುಸಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಬೆಣ್ಣೆಯ ಎರಡೂ ಮುಂಗೈಗಳನ್ನು ಹಿಡಿದು, ಕೂಡಿಸಲು ಬರುವಂತೆ, ನೇರವಾಗಿ ಮುರಿದಳು.

ಆಮೇಲೆ ಅಲ್ಲೇ ಕುಲುಮೆಯ ನೆಲದ ಮೇಲೆ ಕೂತು, "ಯಾರಾದ್ರೂ ಒಂದಿಷ್ಟು ಬಿದಿರು ತನ್ನಿ" ಎಂದಳು. ಒಬ್ಬರೂ ಅಲುಗಲಿಲ್ಲ. "ಇವರಿಗೆ ಕಟ್ತೀಯಾ?" ಎಂದು ಜನರ ನಡುವಿನಿಂದ ಯಾರೋ ಕೇಳಿದರು. ಅವಳೇ ಎದ್ದು ಕಮ್ಮಾರನ ಹಿತ್ತಿಲ ಬೇಲಿಯಿಂದ ಬಿದಿರ ಗಳ ಕಿತ್ತು ಸೀಳಿದಳು. ಬಿಸಿಲು ಇಳಿಯುವವರೆಗೆ ಒಬ್ಬೊಬ್ಬರಿಗೂ ಕಟ್ಟಿದಳು. ಗುಂಗುರು ಒಂದೇ ಕೈಯಲ್ಲಿ ಬಟ್ಟೆ ಹರಿದು ಹರಿದು ಕೊಟ್ಟ. ಎಲ್ಲ ಮುಗಿದ ಮೇಲೆ ಅವಳು ಕಮ್ಮಾರನ ಕಡೆ ತಿರುಗಿ, "ಬಾಪ್ಪ, ಹೆಬ್ಬೆರಳು ತೋರಿಸು" ಎಂದಳು.

ಅವನು ಕೈಯನ್ನು ಎದೆಗೆ ಒತ್ತಿಕೊಂಡ. "ನಾಳೆ ನೋಡೋಣ ಅಕ್ಕಾ. ಈಗ ನಿಮಗೆ ಸುಸ್ತಾಗಿದೆ" ಎಂದ. ಅವಳು ಹೊರಗೆ ಹೆಜ್ಜೆಯಿಟ್ಟಾಗ ಜನ ಎರಡೂ ಕಡೆಗೆ ಸರಿದು, ಬಂಡಿ ಹೋಗುವಷ್ಟು ಅಗಲ ದಾರಿ ಬಿಟ್ಟರು.

ಮರಳಿನ ಲಾರಿಗಳು ಮತ್ತೆ ಬರಲಿಲ್ಲ. ಬೆಣ್ಣೆಯ ವ್ಯವಹಾರವೆಲ್ಲ ನಡೆಯುತ್ತಿದ್ದದ್ದು ಹೆದರಿಕೆಯ ಮೇಲೆ. ಮುದುಕಿಯೊಬ್ಬಳ ಮುಂದೆ ಮಂಡಿಯೂರಿದವನಿಗೆ ಮತ್ತಾರು ಹೆದರುತ್ತಾರೆ? ತಿಂಗಳೊಳಗೆ ಬಾವಿಗಳಲ್ಲಿ ನೀರು ಒಂದೊಂದು ಗೇಣು ಏರಿತು. ಊರು ನೆಮ್ಮದಿಯಾಗಿ ಮಲಗಿತು.

ಪಟ್ಟಿಯಕ್ಕನ ಬೆಂಚು ಮಾತ್ರ ಖಾಲಿಯಾಯಿತು. ತಮ್ಮ ಕೂಡ ಬರಲಿಲ್ಲ. ಕಾಲು ಉಳುಕಿದವರು ಕುಂಟುತ್ತಲೇ ಅವಳ ಬಾಗಿಲು ದಾಟಿ ಹೋದರು. ಮರದಿಂದ ಬಿದ್ದ ಮಗುವನ್ನು ಅದರ ತಾಯಿ ಬಸ್ಸು ಹತ್ತಿಸಿ ಅರ್ಧ ದಿನದ ದಾರಿಯ ಪಟ್ಟಣಕ್ಕೆ ಒಯ್ದಳು. ಎದುರು ಸಿಕ್ಕರೆ ಎಲ್ಲರೂ ಕೈ ಮುಗಿಯುತ್ತಿದ್ದರು. ಮೊದಲು ಯಾರೂ ಕೈ ಮುಗಿಯುತ್ತಿರಲಿಲ್ಲ, "ಊಟ ಆಯ್ತಾ ಅಕ್ಕಾ" ಎನ್ನುತ್ತಿದ್ದರು.

ಕಮ್ಮಾರನ ನಾಳೆ ಬರಲೇ ಇಲ್ಲ. ಗೋಡೆಯಾಚೆಯಿಂದ ಅವಳಿಗೆ ಎಲ್ಲವೂ ಕೇಳುತ್ತಿತ್ತು. ಅವನು ಎಡಗೈಯಲ್ಲಿ ಸುತ್ತಿಗೆ ಹಿಡಿಯಲು ಕಲಿಯುತ್ತಿದ್ದ. ಒಂದು ಏಟು, ಆಮೇಲೆ ತಡವಾಗಿ ಇನ್ನೊಂದು, ಮೂರನೆಯದು ಪಕ್ಕಕ್ಕೆ ಜಾರಿ ನೆಲಕ್ಕೆ. ಬೆಳಗಿನಿಂದ ಸಂಜೆಯವರೆಗೆ ಆ ಎಡವುವ ಸದ್ದು. ಕಿವಿ ಮುಚ್ಚಿಕೊಂಡರೂ ಬಿಡುತ್ತಿರಲಿಲ್ಲ.

ನಲವತ್ತನೆಯ ದಿನ ತಡೆಯಲಾಗದೆ ಅವಳೇ ಹೋದಳು. ಕಮ್ಮಾರನ ಹೆಂಡತಿ ಬಾಗಿಲಲ್ಲಿ ನಿಂತು, ಒಳಗೆ ಬನ್ನಿ ಎಂದಳು, ಆದರೆ ಬಾಗಿಲಿನಿಂದ ಸರಿಯಲಿಲ್ಲ.

"ಹೆಬ್ಬೆರಳು ಸೊಟ್ಟ ಕೂಡಿದೆ ಅಲ್ವಾ?" ಎಂದಳು ಪಟ್ಟಿಯಕ್ಕ. "ಸದ್ದಿನಲ್ಲೇ ಗೊತ್ತಾಗುತ್ತೆ. ಇನ್ನೂ ಕಾಲ ಮಿಂಚಿಲ್ಲ. ಒಂದು ಸಲ ಮತ್ತೆ ಮುರಿದು ನೆಟ್ಟಗೆ ಕಟ್ಟಿದ್ರೆ, ಮೂರು ತಿಂಗಳಿಗೆ ಮೊದಲಿನ ಹಾಗೆ ಇಕ್ಕಳ ಹಿಡಿತಾನೆ. ನೋವಾಗದ ಹಾಗೆ ಮಾಡ್ತೀನಿ."

ಹೆಂಡತಿಯ ಕಣ್ಣು ತುಂಬಿತು. "ನೀವು ಇಲ್ದೇ ಇದ್ದಿದ್ರೆ ಅವರು ಉಳೀತಿರ್ಲಿಲ್ಲ ಅಕ್ಕಾ. ಅದು ನಮಗೆ ಗೊತ್ತಿದೆ. ದೇವರಾಣೆ ಗೊತ್ತಿದೆ. ಆದ್ರೆ ನಿಮ್ಮ ಕೈ ನೆನೆಸಿಕೊಂಡ್ರೆ ಅವರಿಗೆ ನಿದ್ದೇಲೂ ಬೆವರು ಬರುತ್ತೆ. ನಾನೇನು ಮಾಡ್ಲಿ?"

ಅವಳ ಹಿಂದೆ, ಕುಲುಮೆಯ ಕತ್ತಲಲ್ಲಿ, ಕಮ್ಮಾರ ನಿಂತಿದ್ದ. ಪಟ್ಟಿಯಕ್ಕನನ್ನು ನೋಡಿ ನಗಲು ಪ್ರಯತ್ನಿಸಿದ. "ಅಭ್ಯಾಸ ಆಗಿದೆ ಬಿಡಿ ಅಕ್ಕಾ" ಎಂದ. ಎಂದವನು ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿದ, ತಾನು ಅಡಗಿಸುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲವೇನೋ. ಆ ಕಣ್ಣುಗಳ ನೋಟವನ್ನು ಅವಳು ಬಲ್ಲಳು. ಬಿದ್ದ ಏಟಿನಿಂದ ಅವನನ್ನು ತಾನು ಬಿಡಿಸಲಿಲ್ಲ, ತನ್ನ ತಪ್ಪಿಗೆ ಅವನು ಹೆಬ್ಬೆರಳು ತೆತ್ತ, ಅದನ್ನು ಸರಿಮಾಡುವ ಒಂದೇ ಕೈ ತನ್ನದು, ಆ ಕೈಯನ್ನು ಅವನು ಮುಟ್ಟಗೊಡಲಾರ. ಅವಳಿಗೆ ಅಳು ಬಂತು. ಅಲ್ಲೇ ಅತ್ತರೆ ಅವರು ಇನ್ನಷ್ಟು ಹೆದರುತ್ತಾರೆ ಎಂದು ತಡೆದುಕೊಂಡು, "ಸರಿಯಪ್ಪ, ಹುಷಾರು" ಎಂದು ತಿರುಗಿ ಬಂದಳು.

ಮನೆಯಲ್ಲಿ ಗುಂಗುರು ಬೆಂಚಿನ ಮೇಲೆ ಕೂತು ಕಾಯುತ್ತಿದ್ದ. ಕಟ್ಟು ಬಿಚ್ಚಿಸಿಕೊಳ್ಳಲು ಬಂದಿದ್ದ. ಅವಳು ದಬ್ಬೆ ಬಿಚ್ಚಿ, ಎಣ್ಣೆ ಹಚ್ಚಿ, ಮೂಳೆಯ ಉದ್ದಕ್ಕೂ ಬೆರಳಾಡಿಸಿದಳು. ಎಲ್ಲಿ ಮುರಿದಿತ್ತೆಂದು ಹೇಳಲಾಗದಷ್ಟು ನೇರವಾಗಿ ಕೂಡಿತ್ತು. "ಅಜ್ಜಿ, ನೋಡಿ, ಬೆರಳೆಲ್ಲ ಮಡಚೋಕಾಗ್ತಿದೆ!" ಎಂದು ಅವನು ಮಗುವಿನಂತೆ ಮುಷ್ಟಿ ಬಿಗಿದು ಬಿಚ್ಚಿ ತೋರಿಸಿದ. ಗೋಡೆಯಾಚೆ ಸುತ್ತಿಗೆ ಮತ್ತೊಮ್ಮೆ ಜಾರಿ ನೆಲಕ್ಕೆ ಬಿತ್ತು. ಗುಂಗುರು ಆ ಕೈಯನ್ನು ಅವಳ ಮಡಿಲಿನಲ್ಲೇ ಬಿಟ್ಟು ಆರಾಮಾಗಿ ಗೋಡೆಗೆ ಒರಗಿದ. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ.